ನಮ್ಮ ಕಡಲಿಗೆ ಎಷ್ಟು ವಯಸ್ಸು? ಮಲ್ಪೆ ಬೋಟಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಹತ್ತಿರದ ಮಲ್ಪೆಯಿಂದ ಕಲ್ಲಿನ ಕಂಬಗಳ ಸೇಂಟ್ ಮೇರೀಸ್ ದ್ವೀಪಕ್ಕೆ ಆರು ಕಿಲೋಮೀಟರ್ ಆಸುಪಾಸು. ಬೋಟಿನಲ್ಲಿ ಹೋಗುವುದು ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯಲ್ಲಿ ಮಕ್ಕಳು, ಅವರ ಅಪ್ಪ ಅಮ್ಮ, ಒಮ್ಮೊಮ್ಮೆ ಬೋಟಿನವರೂ ಕೇಳುವ ಪ್ರಶ್ನೆಗಳಿಗೆ ಲೆಕ್ಕ ಇಲ್ಲ. ನಾನು ಭೂಗರ್ಭಶಾಸ್ತ್ರ ಓದಿದವನು ಅಂತ ಒಬ್ಬರಿಗೆ ಗೊತ್ತಾದರೆ ಸಾಕು, ಇಡೀ ಬೋಟು ನನ್ನ ಕಡೆ ತಿರುಗುತ್ತದೆ. ಎಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಉತ್ತರ ಹೇಳಿ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರು ಕೇಳಿದ ಹಾಗೆಯೇ ಇವೆ.

ಸರ್, ಈ ಕಂಬಗಳನ್ನು ಯಾರು ಕೆತ್ತಿದ್ದು?

ಯಾರೂ ಕೆತ್ತಿಲ್ಲ. ಸುಗ್ಗಿ ಬೆಳೆ ಕೊಯ್ದ ಮೇಲೆ ಬಿಸಿಲಿಗೆ ಬಿಟ್ಟ ಗದ್ದೆ ನೋಡಿದ್ದೀರಲ್ವಾ? ಕೆಸರು ಒಣಗುತ್ತಾ ಕುಗ್ಗುತ್ತದೆ. ಕುಗ್ಗಿದಲ್ಲಿ ಬಿರುಕು ಬಿಡುತ್ತದೆ. ಬಿರುಕುಗಳು ಒಂದಕ್ಕೊಂದು ಕೂಡಿ ಐದು ಮೂಲೆ, ಆರು ಮೂಲೆಯ ತುಂಡುಗಳಾಗುತ್ತವೆ. ಬಿಸಿ ಲಾವಾ ತಣಿಯುವಾಗಲೂ ಹೀಗೇ ಆಗುತ್ತದೆ. ಗದ್ದೆಯ ಬಿರುಕು ಒಂದು ಗೇಣು ಇಳಿದು ನಿಲ್ಲುತ್ತದೆ. ಲಾವಾದಲ್ಲಿ ಮಾತ್ರ ತಣಿಪು ಒಳಕ್ಕೆ ಇಳಿದ ಹಾಗೆಲ್ಲ ಬಿರುಕೂ ಅದರ ಬೆನ್ನು ಹಿಡಿದು ಇಳಿಯುತ್ತದೆ. ಕೊನೆಗೆ ಕಟ್ಟಿಗೆ ಹೊರೆಯನ್ನು ನೆಟ್ಟಗೆ ನಿಲ್ಲಿಸಿದ ಹಾಗೆ ಕಂಬಗಳ ಕಟ್ಟು ಉಳಿಯುತ್ತದೆ.

ದ್ವೀಪದಲ್ಲಿ ಇಳಿದ ಕೂಡಲೇ ಫೋಟೋ ತೆಗೆಯಬೇಡಿ. ಮೊದಲು ಒಂದು ಕಂಬದ ತಲೆಯ ಮೇಲೆ ಅಂಗೈ ಇಟ್ಟು ಮೂಲೆ ಎಣಿಸಿ. ಆರೇ ಇರುತ್ತದೆ ಅಂತ ಓದಿಕೊಂಡು ಬಂದ ಮಕ್ಕಳಿಗೆ ಐದೋ ಏಳೋ ಸಿಕ್ಕಿ ಬೇಜಾರಾಗುವುದುಂಟು. ಬೇಜಾರು ಬೇಡ. ಎಲ್ಲ ಕಡೆ ಒಂದೇ ಸಮ ತಣಿದರೆ ಮಾತ್ರ ಅಚ್ಚುಕಟ್ಟಾದ ಷಟ್ಕೋನ. ಬೆಳಗಿನ ಹೊತ್ತು ಕಲ್ಲು ತಣ್ಣಗಿರುತ್ತದೆ. ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಲಾವಾ ಆಗಿದ್ದ ದಿನ ನೆನಪಾಯಿತೋ ಏನೋ.

ಬಣ್ಣ ನೋಡಿ ಇದನ್ನು ಬಸಾಲ್ಟ್, ಅಂದರೆ ಕಪ್ಪು ಲಾವಾ ಕಲ್ಲು, ಅನ್ನುವವರು ಜಾಸ್ತಿ. ಇದು ರಯೋಲೈಟ್ ಜಾತಿಯ ಕಲ್ಲು. ಬಸಾಲ್ಟಿಗಿಂತ ಇದರಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಅಂಶ, ಹೆಚ್ಚು. ಜಗತ್ತಿನಲ್ಲಿ ಕಂಬಗಲ್ಲು ಸಿಗುವ ಕಡೆಗಳಲ್ಲಿ ಹೆಚ್ಚಿನವು ಬಸಾಲ್ಟಿನವು. ಹಾಗಾಗಿ ನಮ್ಮದು ಸ್ವಲ್ಪ ಅಪರೂಪ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ.

ಹಾಗಾದರೆ ಇಲ್ಲಿ ಜ್ವಾಲಾಮುಖಿ ಇತ್ತಾ? ಮತ್ತೆ ಸಿಡಿದರೆ?

ಇತ್ತು, ಸುಮಾರು 8.8 ಕೋಟಿ ವರ್ಷದ ಹಿಂದೆ. ಮತ್ತೆ ಸಿಡಿಯುವುದಿಲ್ಲ. ಒಲೆ ಹಿಂದೆಯೇ ಉಳಿದಿದೆ, ದೋಸೆಕಲ್ಲು ಮಾತ್ರ ಮುಂದೆ ಬಂದಿದೆ. ಆಗ ನಮ್ಮ ಊರು ಸಮಭಾಜಕ ವೃತ್ತದಿಂದ ಕೆಳಗೆ, ದಕ್ಷಿಣಾರ್ಧ ಗೋಳದಲ್ಲಿತ್ತು. ಒಲೆ ಅಂದರೆ ಆ ಲಾವಾ ಉಕ್ಕಿಸಿದ ಭೂಮಿಯೊಳಗಿನ ಬಿಸಿ ಜಾಗ. ಅದು ಈಗಲೂ ಅತ್ತ ದಕ್ಷಿಣದಲ್ಲೇ, ಆಫ್ರಿಕಾದ ಆಗ್ನೇಯಕ್ಕಿರುವ ಮೇರಿಯನ್ ದ್ವೀಪದ ಹತ್ತಿರ ಇದೆ ಎಂಬುದು ಬಹಳ ಜನ ಭೂವಿಜ್ಞಾನಿಗಳ ಅಭಿಪ್ರಾಯ. ಇವತ್ತು ಉಡುಪಿ ಇರುವುದು ಉತ್ತರಕ್ಕೆ 13 ಡಿಗ್ರಿಯಲ್ಲಿ.

ಮಡಗಾಸ್ಕರ್ ಉಡುಪಿಗೆ ಅಂಟಿಕೊಂಡಿತ್ತು ಅಂತಾರೆ. ನೋಡಿದವರು ಯಾರು?

ಒಳ್ಳೆ ಪ್ರಶ್ನೆ. ನೋಡಿದವರಿಲ್ಲ, ಸಾಕ್ಷಿ ಉಂಟು.

ಮೊದಲನೆಯದು ವಯಸ್ಸು. ಲಾವಾ ಗಟ್ಟಿಯಾದ ದಿನದಿಂದ ಅದರಲ್ಲಿರುವ ಒಂದು ಬಗೆಯ ಪೊಟ್ಯಾಸಿಯಂ ನಿಧಾನಕ್ಕೆ ಬದಲಾಗುತ್ತಾ ಹೋಗುತ್ತದೆ, ಅದರಲ್ಲಿ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಇದ್ದದ್ದರಲ್ಲಿ ಅರ್ಧ ಬದಲಾಗಲು ಸುಮಾರು 125 ಕೋಟಿ ವರ್ಷ ಬೇಕು. ಕಲ್ಲಿನಲ್ಲಿ ಆರ್ಗಾನ್ ಎಷ್ಟು ಕೂಡಿದೆ ಅಂತ ಅಳೆದರೆ ಎಷ್ಟು ಕಾಲ ಆಯಿತು ಅಂತ ಗೊತ್ತಾಗುತ್ತದೆ. ಸೇಂಟ್ ಮೇರೀಸ್ ಕಲ್ಲಿಗೂ ಮಡಗಾಸ್ಕರಿನ ಉದ್ದಕ್ಕೂ ಹರಡಿದ ಲಾವಾಕ್ಕೂ ವಯಸ್ಸು ಒಂದೇ, 8.8 ಕೋಟಿ ವರ್ಷದ ಆಸುಪಾಸು.

ಎರಡನೆಯದು ಅಂಚು. ಮಡಗಾಸ್ಕರಿನ ಪೂರ್ವ ಕರಾವಳಿ ನಕ್ಷೆಯಲ್ಲಿ ಅಡ್ಡಕೋಲಿನಿಂದ ಗೀಚಿದ ಹಾಗೆ ನೆಟ್ಟಗಿದೆ. ನಮ್ಮ ಪಶ್ಚಿಮ ಕರಾವಳಿಯೂ ಹಾಗೇ. ಪೇಪರ್ ಹರಿದು ಎರಡು ತುಂಡನ್ನು ಪಕ್ಕಪಕ್ಕ ಇಟ್ಟರೆ ಹೇಗಿರುತ್ತದೆ, ಹಾಗೆ. ಮೂರನೆಯದು, ಲಾವಾಕ್ಕಿಂತ ಎಷ್ಟೋ ಹಳೆಯದಾದ ಬುಡದ ಕಲ್ಲು. ಅದೂ ಎರಡು ಕಡೆ ಹೊಂದುತ್ತದೆ.

ಈಗ ಮಡಗಾಸ್ಕರಿನ ಉತ್ತರ ತುದಿ ನಮ್ಮಿಂದ ಸುಮಾರು 4,000 ಕಿಲೋಮೀಟರ್ ದೂರ. 4,000 ಕಿಲೋಮೀಟರ್ ಅಂದರೆ 40 ಕೋಟಿ ಸೆಂಟಿಮೀಟರ್. 8.8 ಕೋಟಿ ವರ್ಷದಿಂದ ಭಾಗಿಸಿ. ವರ್ಷಕ್ಕೆ ನಾಲ್ಕೂವರೆ ಸೆಂಟಿಮೀಟರ್ ಬರುತ್ತದೆ. ಇದು ಬೋಟಿನಲ್ಲಿ ಕೂತು ಮಾಡುವ ಒರಟು ಲೆಕ್ಕ. ನಿಜವಾದ ದಾರಿ ನೇರ ಇರಲಿಲ್ಲ, ವೇಗವೂ ಒಂದೇ ಸಮ ಇರಲಿಲ್ಲ. ಆದರೂ ಜಿಪಿಎಸ್ ಈಗ ಅಳೆಯುವ ವೇಗಕ್ಕೆ ಹತ್ತಿರವೇ ಬಂತಲ್ವಾ? ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಈ ಲೆಕ್ಕವನ್ನು ನನಗಿಂತ ಮೊದಲು ಬಾಯಲ್ಲೇ ಮಾಡಿ ಮುಗಿಸಿದ್ದಳು.

ಭೂಫಲಕ ಅಂದರೆ ಎಂತ?

ಭೂಮಿಯ ಹೊರಗಿನ ಗಟ್ಟಿ ಪದರದ ತುಂಡು. ಸುಮಾರು ನೂರು ಕಿಲೋಮೀಟರ್ ದಪ್ಪ. ದೊಡ್ಡವು ಏಳು ಅಂತ ಎಣಿಸುವುದು ರೂಢಿ, ಸಣ್ಣವು ಇನ್ನೂ ಹಲವು ಇವೆ. ಒಂದು ಫಲಕ ಅಂದರೆ ಒಂದು ಖಂಡ ಅಂತ ತಿಳಿಯಬೇಡಿ. ಭಾರತದ ಫಲಕದಲ್ಲಿ ನೆಲವೂ ಇದೆ, ಕಡಲ ತಳವೂ ಇದೆ. ನೀವು ಪಣಂಬೂರಿನಲ್ಲಿ ಮೊಣಕಾಲುದ್ದ ನೀರಿಗಿಳಿದರೆ ಫಲಕ ಬದಲಾಗುವುದಿಲ್ಲ. ಅದರ ಅಂಚು ಸಿಗಬೇಕಾದರೆ ಅರಬ್ಬಿ ಸಮುದ್ರದಲ್ಲಿ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ಹೋಗಬೇಕು.

ಅಡಿಯಲ್ಲಿ ಲಾವಾರಸ ಇದೆ, ಅದರ ಮೇಲೆ ನಾವು ತೇಲುತ್ತಿದ್ದೇವೆ. ಹೌದಾ?

ಅಲ್ಲ. ನಾನು ಓದಿದ ಶಾಲೆಯ ಗೋಡೆಯಲ್ಲಿ ಅಂಥದ್ದೇ ಚಿತ್ರ ಇತ್ತು. ಕೆಳಗೆ ಕೆಂಪು ಪಾಯಸ, ಮೇಲೆ ತೇಲುವ ಬಿಸ್ಕತ್ತು. ಅದನ್ನು ತಲೆಯಿಂದ ತೆಗೆಯಲು ನನಗೆ ಕಾಲೇಜು ಮುಗಿಯಬೇಕಾಯಿತು.

ಫಲಕದ ಕೆಳಗೆ ಇರುವುದು ಮ್ಯಾಂಟಲ್. ಸುಮಾರು 2,900 ಕಿಲೋಮೀಟರ್ ಆಳದವರೆಗೆ ಅದೇ. ಅದು ಕಲ್ಲು, ಗಟ್ಟಿ. ಆದರೆ ತುಂಬ ಬಿಸಿ ಇರುವುದರಿಂದ ಲಕ್ಷಾಂತರ ವರ್ಷಗಳಲ್ಲಿ ಮೆಲ್ಲಗೆ ಹರಿಯುತ್ತದೆ. ಡಾಂಬರಿನ ಉಂಡೆಗೆ ಸುತ್ತಿಗೆಯಲ್ಲಿ ಹೊಡೆದರೆ ಒಡೆಯುತ್ತದೆ. ಅದನ್ನೇ ಬಿಸಿಲಲ್ಲಿ ಡಬ್ಬದ ಮೇಲೆ ಇಟ್ಟು ನಾಲ್ಕು ದಿನ ಬಿಟ್ಟು ನೋಡಿ, ಜಗ್ಗಿ ಹರಡಿರುತ್ತದೆ. ಹಾಗೆ ಅಂದುಕೊಳ್ಳಿ. ಕರಗುವುದು ಕೆಲವೇ ಜಾಗದಲ್ಲಿ, ಅದೂ ಸ್ವಲ್ಪ.

ಮತ್ತೆ ಫಲಕವನ್ನು ತಳ್ಳುವುದು ಯಾರು?

ತಳ್ಳುವುದಕ್ಕಿಂತ ಎಳೆಯುವುದೇ ಜಾಸ್ತಿ. ಒದ್ದೆ ಬೈರಾಸನ್ನು ಹಗ್ಗದ ಮೇಲೆ ಹಾಕುವಾಗ ಒಂದು ಬದಿ ಸ್ವಲ್ಪ ಉದ್ದ ಬಿಟ್ಟರೆ ಏನಾಗುತ್ತದೆ? ಆ ಬದಿಯ ಭಾರಕ್ಕೆ ಇಡೀ ಬೈರಾಸು ಜಾರಿ ಕೆಳಗೆ ಬೀಳುತ್ತದೆ. ಯಾರೂ ಹಿಂದಿನಿಂದ ತಳ್ಳಬೇಕಾಗಿಲ್ಲ. ಕಡಲ ತಳ ಹುಟ್ಟುವಾಗ ಬಿಸಿ, ಹಗುರ. ಹಳೆಯದಾದಂತೆ ತಣಿದು ಭಾರವಾಗುತ್ತದೆ. ಒಂದು ಕಡೆ ಅಂಚು ಮ್ಯಾಂಟಲಿನೊಳಗೆ ಬಾಗಿ ಮುಳುಗಲು ಶುರುವಾದರೆ ಹಿಂದಿನ ಸಾವಿರಾರು ಕಿಲೋಮೀಟರನ್ನೂ ಎಳೆದುಕೊಂಡು ಹೋಗುತ್ತದೆ. ಹಿಂದೆ ಬಿರುಕು ಬಿಟ್ಟ ಕಡೆ ಕೆಳಗಿನ ಬಿಸಿ ಕಲ್ಲು ಮೇಲೇರಿ, ಕರಗಿ, ಹೊಸ ತಳವಾಗಿ ತುಂಬಿಕೊಳ್ಳುತ್ತದೆ.

ನಾವು ಈಗ ಎಷ್ಟು ಸ್ಪೀಡಲ್ಲಿ ಹೋಗುತ್ತಿದ್ದೇವೆ?

ವರ್ಷಕ್ಕೆ ಸುಮಾರು 5 ಸೆಂಟಿಮೀಟರ್, ಈಶಾನ್ಯಕ್ಕೆ. ನಿಮ್ಮ ಹಂಚಿನ ಮನೆ ಕಟ್ಟಿ 50 ವರ್ಷ ಆಗಿದ್ದರೆ ಅದು ಎರಡೂವರೆ ಮೀಟರ್ ಸರಿದಿದೆ. ಬಾವಿ, ತೆಂಗಿನ ಮರ, ನೆರೆಮನೆಯವರ ಜೊತೆಗಿನ ಗಡಿ ತಕರಾರು ಎಲ್ಲ ಸೇರಿ ಸರಿದದ್ದರಿಂದ ಯಾರಿಗೂ ಗೊತ್ತಾಗಿಲ್ಲ.

ಮಡಗಾಸ್ಕರ್ ಬಿಟ್ಟ ಮೇಲೆ ಒಂದು ಹಂತದಲ್ಲಿ ಭಾರತ ವರ್ಷಕ್ಕೆ 15 ಸೆಂಟಿಮೀಟರಿಗೂ ಹೆಚ್ಚು ಓಡಿದ್ದುಂಟು. ಖಂಡದ ಮಟ್ಟಿಗೆ ಅದು ಭಾರೀ ವೇಗ. ಏಷ್ಯಾಕ್ಕೆ ಡಿಕ್ಕಿ ಹೊಡೆದ ಮೇಲೆ ನಿಧಾನ ಆಯಿತು.

ಕಡಲು ಹಳೆಯದಾ, ನೆಲ ಹಳೆಯದಾ?

ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಬೋಟಿನಲ್ಲಿ ಕೈ ಎತ್ತಿಸಿ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಕಡಲು ಅನ್ನುತ್ತಾರೆ. ಅಷ್ಟು ದೊಡ್ಡದು, ಅಷ್ಟು ಗಂಭೀರ, ಹಳೆಯದೇ ಇರಬೇಕು ಅಂತ.

ನಮ್ಮ ಕರಾವಳಿಯ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಅಡಿಯಲ್ಲಿರುವ ಬುಡದ ಕಲ್ಲು ನೈಸ್ ಎಂಬ ಪಟ್ಟೆ ಪಟ್ಟೆಯ ಬಂಡೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮನೆತನದ್ದೇ. ವಯಸ್ಸು 300 ಕೋಟಿ ವರ್ಷದ ಆಸುಪಾಸು. ಎದುರಿಗೆ ಕಾಣುವ ಅರಬ್ಬಿ ಸಮುದ್ರದ ಆಳದ ತಳದಲ್ಲಿ ಬಹುಪಾಲು ಆರೂವರೆ ಕೋಟಿ ವರ್ಷಕ್ಕಿಂತ ಈಚಿನದು. ಮೊದಲು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಹರಿದು ಹೋಯಿತು. ಆಮೇಲೆ ಆರೂವರೆ ಕೋಟಿಯ ಹೊತ್ತಿಗೆ ಸೇಶೆಲ್ಸ್ ಕೂಡ ಬೇರೆ ಆಯಿತು. ಆ ಹರಕಿನಲ್ಲಿ ತುಂಬಿಕೊಂಡದ್ದೇ ನಮ್ಮ ಕಡಲು. ನೆಲವನ್ನು 90 ವರ್ಷದ ಅಜ್ಜ ಅಂದುಕೊಂಡರೆ ಕಡಲು ಎರಡು ವರ್ಷದ ಮಗು. ಮಳೆಗಾಲದಲ್ಲಿ ಅದು ಮಾಡುವ ರಂಪ ನೋಡಿದರೂ ಹಾಗೇ ಅನ್ನಿಸುತ್ತದೆ.

ಇಡೀ ಜಗತ್ತಿನಲ್ಲಿ ಇದೇ ಕಥೆ. ದೊಡ್ಡ ಸಾಗರಗಳ ತಳದಲ್ಲಿ ಸುಮಾರು 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಸಿಗುವುದೇ ಅಪರೂಪ. ಭೂಮಿಗೆ 454 ಕೋಟಿ ವರ್ಷ. ಹಳೆಯ ತಳ ಎಲ್ಲಿ ಹೋಯಿತು? ಆ ಒದ್ದೆ ಬೈರಾಸಿನ ಹಾಗೆ ಒಳಕ್ಕೆ ಜಾರಿಹೋಯಿತು. ಫಲಕದ ಮೇಲ್ಭಾಗದಲ್ಲಿರುವ ಖಂಡದ ಕಲ್ಲು ಹಗುರ, 35–40 ಕಿಲೋಮೀಟರ್ ದಪ್ಪ. ಅದು ಮುಳುಗುವುದಿಲ್ಲ. ಕಡಲ ತಳದ ಕಲ್ಲು ಏಳು ಕಿಲೋಮೀಟರ್ ಆಸುಪಾಸು, ಭಾರ ಜಾಸ್ತಿ. ಅದು ಹುಟ್ಟುತ್ತದೆ, ಮುಳುಗುತ್ತದೆ.

ಕಡಲ ತಳ ಹುಟ್ಟುತ್ತಿದೆ ಅಂತ ಮೊದಲು ಗೊತ್ತಾದದ್ದು ಹೇಗೆ?

ನಮ್ಮ ಅರಬ್ಬಿ ಸಮುದ್ರಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ಇಲ್ಲಿ ಯಾರಿಗೂ ಅದು ಗೊತ್ತಿಲ್ಲ ಅನ್ನುವುದೇ ನನ್ನ ಹಳೇ ಗೋಳು.

ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲೇ ಖಂಡಗಳು ಸರಿಯುತ್ತವೆ ಅಂದಿದ್ದರು. ಯಾವ ಬಲ ಅಂತ ಹೇಳಲು ಆಗಲಿಲ್ಲ, ಹೆಚ್ಚಿನವರು ನಂಬಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಅವರು ತೀರಿಕೊಂಡರು. 1950ರ ದಶಕದಲ್ಲಿ ಮೇರಿ ಥಾರ್ಪ್ ಮತ್ತು ಬ್ರೂಸ್ ಹೀಜನ್ ಅಟ್ಲಾಂಟಿಕಿನ ತಳದ ನಕ್ಷೆ ಮಾಡಿದಾಗ ನಡುವಿನ ಬೆಟ್ಟಸಾಲಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ಸೀಳು ಕಂಡಿತು. ಕಂಡುಹಿಡಿದದ್ದು ಥಾರ್ಪ್. ಹೀಜನ್ ಮೊದಮೊದಲು ಅದನ್ನು ಹೆಂಗಸರ ಮಾತು ಅಂತ ತಳ್ಳಿಹಾಕಿದ್ದರು. 1962ರಲ್ಲಿ ಹ್ಯಾರಿ ಹೆಸ್, ಆ ಸೀಳಿನಲ್ಲಿ ಹೊಸ ತಳ ಹುಟ್ಟಿ ಎರಡು ಕಡೆಗೂ ಸರಿಯುತ್ತದೆ ಎಂದು ಬರೆದರು.

ಸಾಕ್ಷಿ ಬೇಕಿತ್ತು. ಅದೇ ವರ್ಷ ಓವನ್ ಎಂಬ ಬ್ರಿಟಿಷ್ ಸರ್ವೆ ಹಡಗು ಅರಬ್ಬಿ ಸಮುದ್ರದ ಆಚೆ ಬದಿಯ ಕಾರ್ಲ್ಸ್‌ಬರ್ಗ್ ಬೆಟ್ಟಸಾಲಿನ ಮೇಲೆ ಹೋಗಿ ಕಲ್ಲಿನ ಕಾಂತತೆ ಅಳೆಯಿತು. ಭೂಮಿಯ ಉತ್ತರ, ದಕ್ಷಿಣ ಧ್ರುವಗಳ ಕಾಂತ ಆಗಾಗ ಅದಲು ಬದಲಾಗುತ್ತದೆ. ಲಾವಾ ತಣಿಯುವಾಗ ಆ ಹೊತ್ತಿನ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ತಳ ಹುಟ್ಟಿ ಸರಿಯುತ್ತಿದ್ದರೆ ಬೆಟ್ಟಸಾಲಿನ ಎರಡು ಪಕ್ಕದಲ್ಲೂ ಪಟ್ಟೆ ಪಟ್ಟೆಯಾಗಿ, ಲುಂಗಿಯ ಅಂಚಿನ ಹಾಗೆ, ಗುರುತು ಇರಬೇಕು. ಇತ್ತು. ಆ ಅಳತೆಗಳನ್ನು ಇಟ್ಟುಕೊಂಡು ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ಬರೆದ ಲೇಖನ ಭೂಗರ್ಭಶಾಸ್ತ್ರವನ್ನೇ ತಿರುಗಿಸಿ ಹಾಕಿತು.

ಕಾರ್ಲ್ಸ್‌ಬರ್ಗ್ ಅಂದರೆ ಬಿಯರ್ ಅಲ್ವಾ ಅಂತ ದೊಡ್ಡವರು ಕೇಳುತ್ತಾರೆ. ಹೌದು. ಆ ಬೆಟ್ಟಸಾಲನ್ನು ಗುರುತಿಸಿದ ಡೆನ್ಮಾರ್ಕಿನ ಸಮುದ್ರ ಯಾತ್ರೆಗೆ ಹಣ ಕೊಟ್ಟದ್ದು ಆ ಬಿಯರಿನ ಲಾಭದಿಂದ ನಡೆಯುವ ಪ್ರತಿಷ್ಠಾನ.

ಪರಶುರಾಮ ಕೊಡಲಿ ಎಸೆದು ಕಡಲಿನಿಂದ ನೆಲ ಪಡೆದದ್ದು. ಅದಕ್ಕೂ ಇದಕ್ಕೂ ತಾಳೆ ಆಗುತ್ತದಾ?

ಕಥೆಯಲ್ಲಿ ಮೊದಲು ಕಡಲು, ಆಮೇಲೆ ನೆಲ. ಫಲಕಗಳ ಲೆಕ್ಕದಲ್ಲಿ ಮೊದಲು ನೆಲ, ಆಮೇಲೆ ಕಡಲು. ಹಾಗಾಗಿ ಅಲ್ಲಿಗೆ ಹೊಂದುವುದಿಲ್ಲ.

ಆದರೆ ಸಮುದ್ರದ ಮಟ್ಟ ಏರಿಳಿಯುವುದು ಬೇರೆ ವಿಷಯ. ಸುಮಾರು 20,000 ವರ್ಷದ ಹಿಂದೆ ಹಿಮಯುಗದಲ್ಲಿ ನೀರೆಲ್ಲ ಹಿಮವಾಗಿ ಉತ್ತರದಲ್ಲಿ ಕೂತಿತ್ತು. ಸಮುದ್ರ ಈಗಿನದ್ದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗಿನ ಮಲ್ಪೆ ಬೀಚು ಪಶ್ಚಿಮಕ್ಕೆ ಎಷ್ಟೋ ದೂರ. ಈಗ ಟ್ರಾಲ್ ಬೋಟುಗಳು ಬಲೆ ಎಳೆಯುವ ಜಾಗದಲ್ಲಿ ಆಗ ನಡೆದುಕೊಂಡು ಹೋಗಬಹುದಿತ್ತು. ಬೂತಾಯಿ, ಬಂಗುಡೆ ಹೇರಳ ಸಿಗುವ ಆ ಆಳ ಇಲ್ಲದ ಭಾಗ ಕಡಲಿನದ್ದಲ್ಲ, ನೀರಿನಡಿ ಹೋದ ಖಂಡದ್ದೇ ಅಂಚು. ನಿಜವಾದ ಕಡಲು ಅದರ ಆಚೆ, ತಳ ಕಡಿದಾಗಿ ಇಳಿದು ಸಾವಿರಾರು ಮೀಟರ್ ಆಳಕ್ಕೆ ಹೋಗುವಲ್ಲಿ ಶುರು.

ಘಟ್ಟ ಹುಟ್ಟಿದ್ದು ಹಿಮಾಲಯದ ಹಾಗೆಯಾ?

ಇಲ್ಲ. ಹಿಮಾಲಯ ಡಿಕ್ಕಿಯಿಂದ ಎದ್ದದ್ದು. ಪಶ್ಚಿಮ ಘಟ್ಟ ಹರಿದ ಅಂಚು. ಖಂಡ ಹರಿಯುವಾಗ ಅದರ ಬದಿ ಮೇಲಕ್ಕೆ ಎದ್ದುಕೊಂಡಿತು. ಕಡಲ ಕಡೆ ಕಡಿದಾದ ಗೋಡೆ, ಘಟ್ಟದ ಮೇಲಿನ ಕಡೆ ಮೆಲ್ಲಗೆ ಇಳಿಜಾರು. ಆಮೇಲೆ ಮಳೆ ಆ ಗೋಡೆಯನ್ನು ಕೊರೆದು ಕೊರೆದು ಪೂರ್ವಕ್ಕೆ ಹಿಂದೆ ಸರಿಸಿತು. ನಾವು ಬದುಕುತ್ತಿರುವ ಕರಾವಳಿ ಪಟ್ಟಿ ಹಾಗೆ ಬಿಡಿಸಿಕೊಂಡ ಜಾಗ.

ಪುರಾವೆ ಬೇಕಾದರೆ ನಕ್ಷೆಯಲ್ಲಿ ಗಂಗಾಮೂಲ ಹುಡುಕಿ. ಕುದುರೆಮುಖ ಸೀಮೆಯಲ್ಲಿದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಆ ಕಡೆಯ ಬೆಟ್ಟಗಳಿಂದ ಹೊರಡುತ್ತವೆ. ನೇತ್ರಾವತಿ ಬುದ್ಧಿವಂತೆ, ಪಶ್ಚಿಮಕ್ಕೆ ಧುಮುಕಿ ಧರ್ಮಸ್ಥಳ, ಬಂಟ್ವಾಳ ದಾಟಿ ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ತುಂಗೆಗೂ ಕಡಲು ನೂರು ಕಿಲೋಮೀಟರ್ ಕೂಡ ದೂರ ಇಲ್ಲ. ಆದರೂ ಅವಳು ಬೆನ್ನು ತಿರುಗಿಸಿ ಶೃಂಗೇರಿ, ಶಿವಮೊಗ್ಗ ಅಂತ ಹೋಗಿ, ಭದ್ರೆಯನ್ನು ಕೂಡಿ, ಕೃಷ್ಣೆಗೆ ಸೇರಿ, ಸಾವಿರ ಕಿಲೋಮೀಟರ್ ಸುತ್ತಿ ಬಂಗಾಳಕೊಲ್ಲಿ ಮುಟ್ಟುತ್ತಾಳೆ. ನೆಲ ಆ ಕಡೆಗೇ ವಾಲಿದ್ದರೆ ಅವಳಾದರೂ ಏನು ಮಾಡಬೇಕು? ಆಗುಂಬೆಯ ತಿರುವುಗಳಲ್ಲಿ ಬಸ್ಸಿನಲ್ಲಿ ವಾಂತಿ ಬಂದರೆ ಅದಕ್ಕೂ ಮಡಗಾಸ್ಕರನ್ನೇ ದೂರಬಹುದು.

ಹಿಮಾಲಯದ ತುದಿಯಲ್ಲಿ ಸಮುದ್ರದ ಚಿಪ್ಪು ಸಿಗುವುದು ನಿಜವಾ?

ನಿಜ. ಎವರೆಸ್ಟಿನ ತುದಿಯೇ ಸುಣ್ಣದಕಲ್ಲು. ಸಮುದ್ರ ಜೀವಿಗಳ ಪಳೆಯುಳಿಕೆ ಇರುವ ಕಲ್ಲು.

ಅಷ್ಟು ದೂರ ಹೋಗುವುದು ಬೇಡ. ಉಡುಪಿಯಲ್ಲಿ ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ ಸಾಲಿಗ್ರಾಮ ಇದೆ. ನಮ್ಮ ಅಜ್ಜಿ ಮನೆಯಲ್ಲೂ ಇತ್ತು. ಕಪ್ಪಗೆ, ನುಣ್ಣಗೆ, ಮುಷ್ಟಿಯೊಳಗೆ ಹಿಡಿಯುವಷ್ಟು. ಅಭಿಷೇಕದ ಹಾಲು ಅದರ ತೂತಿನೊಳಗೆ ಇಳಿದು ತುಂಬಿ ಹೊರಗೆ ಬರುವುದನ್ನು ನಾನು ಸಣ್ಣವನಿದ್ದಾಗ ಬಾಗಿ ನೋಡುತ್ತಿದ್ದೆ. ಒಳಗೆ ಸುರುಳಿ ಸುರುಳಿ ಗೆರೆಗಳು. ಅಜ್ಜಿ ಅದನ್ನು ಚಕ್ರ ಅನ್ನುತ್ತಿದ್ದರು. ಕಾಲೇಜಿನಲ್ಲಿ ಅಮೊನೈಟ್ ಅಂತ ಒಂದು ಪಳೆಯುಳಿಕೆ ಕೈಗೆ ಕೊಟ್ಟಾಗ ನನಗೆ ಗುರುತು ಸಿಕ್ಕಿತು. ಅದೇ ಗೆರೆ.

ಸಾಲಿಗ್ರಾಮ ಬರುವುದು ನೇಪಾಳದ ಗಂಡಕಿ ನದಿಯಿಂದ. ಆ ನದಿ ಕೊರೆಯುವ ಕಪ್ಪು ಕಲ್ಲು ಟೆಥಿಸ್ ಎಂಬ ಸಮುದ್ರದ ತಳದ ಕೆಸರು. ಸುಮಾರು 15 ಕೋಟಿ ವರ್ಷದ್ದು. ಭಾರತ ಮತ್ತು ಏಷ್ಯಾದ ನಡುವೆ ಆ ಸಮುದ್ರ ಇತ್ತು. ಭಾರತ ಉತ್ತರಕ್ಕೆ ಓಡಿದಂತೆ ಟೆಥಿಸ್ ತಳ ಏಷ್ಯಾದ ಅಡಿಗೆ ಮುಳುಗಿತು. ಸುಮಾರು 5 ಕೋಟಿ ವರ್ಷದ ಹಿಂದೆ ಎರಡು ಖಂಡಗಳೇ ಮುಖಾಮುಖಿ ಆದವು. ಎರಡೂ ಹಗುರ, ಯಾರೂ ಮುಳುಗಲು ತಯಾರಿಲ್ಲ. ಮಡಿಸಿಕೊಂಡು ಮೇಲೆ ಎದ್ದರು. ಅಂಚಿನಲ್ಲಿದ್ದ ಕೆಸರೂ ಜೊತೆಗೆ ಎದ್ದಿತು.

ಅಮೊನೈಟ್ ನಮ್ಮ ಬೊಂಡಾಸಿನ, ಅಂದರೆ ಸ್ಕ್ವಿಡ್ಡಿನ, ದೂರದ ನೆಂಟ. ಇದನ್ನು ನಾನು ಬೋಟಿನಲ್ಲಿ ಯಾರಿದ್ದಾರೆ ಅಂತ ನೋಡಿಕೊಂಡು ಹೇಳುತ್ತೇನೆ. ಅಜ್ಜಿಗೆ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಮುದ್ರದಲ್ಲಿ ಇದ್ದವನೇ ಅಲ್ವಾ ಅವನು" ಅಂದರು. ಕ್ಷೀರಸಾಗರದ ಲೆಕ್ಕ ಅವರದ್ದು.

ಶ್ರೀಲಂಕಾದ ಕೆಳಗೆ ಸಮುದ್ರದಲ್ಲಿ ಗುಂಡಿ ಇದೆಯಂತೆ?

ಗುಂಡಿ ಅಂದರೆ ಹಡಗು ಬೀಳುವ ಗುಂಡಿ ಅಲ್ಲ. ಅಲ್ಲಿ ಭೂಮಿಯ ಸೆಳೆತ ಸ್ವಲ್ಪ ಕಡಿಮೆ. ಹಾಗಾಗಿ ನೀರಿನ ಮಟ್ಟ ಸರಾಸರಿಗಿಂತ ಸುಮಾರು 106 ಮೀಟರ್ ತಗ್ಗು. ಸಾವಿರಾರು ಕಿಲೋಮೀಟರ್ ಅಗಲಕ್ಕೆ ಹರಡಿದ ತಗ್ಗಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2023ರಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. ಮುಳುಗಿದ ಟೆಥಿಸ್ ತಳ ಮ್ಯಾಂಟಲಿನ ಬುಡ ಮುಟ್ಟಿ ಅಲ್ಲಿನ ಬಿಸಿ ಕಲ್ಲನ್ನು ಕದಡಿದೆ, ಹಗುರವಾದ ಆ ಬಿಸಿ ಕಲ್ಲು ಮೇಲೇರಿ ಬಂದದ್ದರಿಂದ ಸೆಳೆತ ತಗ್ಗಿದೆ ಅಂತ.

ಮುರಕಲ್ಲು ಕೂಡ ಲಾವಾವಾ?

ಅಲ್ಲ. ತೂತು ತೂತು ನೋಡಿ ಹಾಗೆ ಅನ್ನಿಸುತ್ತದೆ. ಅದು ಬಿಸಿಲು ಮಳೆಗೆ ಕೊಳೆತ ಕಲ್ಲು. ಬೇರೆಲ್ಲ ತೊಳೆದು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದದ್ದು. ನೆಲದಿಂದ ತೆಗೆಯುವಾಗ ಮೆತ್ತಗೆ, ಗಾಳಿಗೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಎಂಬಾತ ಮಲಬಾರಿನಲ್ಲಿ ಇದನ್ನು ನೋಡಿ 1807ರಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಅಂತ ಅರ್ಥ. ನಮ್ಮವರು ಅದರಲ್ಲಿ ಮನೆ ಕಟ್ಟಿ ಎಷ್ಟೋ ಶತಮಾನ ಆಗಿತ್ತು. ಭಾರತ ಬಿಸಿ, ಮಳೆ ಜಾಸ್ತಿ ಇರುವ ವಲಯಕ್ಕೆ ಸರಿದು ಬಂದದ್ದರಿಂದಲೇ ಇದು ಇಷ್ಟು ದಪ್ಪಕ್ಕೆ ಆದದ್ದು.

ಲಕ್ಷದ್ವೀಪವೂ ಹೀಗೇ ಹರಿದು ಹೋದ ತುಂಡಾ?

ಮಂಗಳೂರಿನ ಹಳೇ ಬಂದರಿನಿಂದ ಅಲ್ಲಿಗೆ ಅಕ್ಕಿ, ತರಕಾರಿ, ಜಲ್ಲಿ ಹೇರಿಕೊಂಡು ಮಂಜಿಗಳು ಹೋಗುತ್ತವೆ. ಮೇಲೆ ಕಾಣುವುದೆಲ್ಲ ಹವಳ. ಹವಳ ಕೂತಿರುವುದು ಮುಳುಗಿದ ಉದ್ದನೆಯ ಒಂದು ದಿಣ್ಣೆಯ ಮೇಲೆ. ರಿಯೂನಿಯನ್ ದ್ವೀಪದ ಅಡಿಯ ಬಿಸಿ ಜಾಗದ ಮೇಲಿಂದ ಭಾರತದ ಫಲಕ ಸರಿದು ಹೋದಾಗ ಉಳಿದ ಸುಟ್ಟ ಗೆರೆ ಅದು. ಮೊದಲ ಸುಡುವಿಕೆ 6.6 ಕೋಟಿ ವರ್ಷದ ಹಿಂದಿನ ದಖನ್ ಲಾವಾ, ಬೆಳಗಾವಿ ಕಡೆಯ ಕಪ್ಪು ಕಲ್ಲು. ಆಮೇಲೆ ಲಕ್ಷದ್ವೀಪ, ಮಾಲ್ಡೀವ್ಸ್, ಮಾರಿಷಸ್. ಈಗ ರಿಯೂನಿಯನ್ನಿನಲ್ಲಿ ಉರಿಯುತ್ತಿದೆ.

ನಮಗೆ ಸುನಾಮಿ ಬರುತ್ತದಾ? ಭೂಕಂಪ?

ಹೆದರಿಸುವುದೂ ಬೇಡ, ಸುಳ್ಳು ಹೇಳುವುದೂ ಬೇಡ. ನಮ್ಮ ಕರಾವಳಿ ಹರಿದ ಅಂಚು, ಮುಳುಗುವ ಅಂಚಲ್ಲ. ಹರಿಯುವ ಕೆಲಸ ಯಾವತ್ತೋ ಮುಗಿದಿದೆ. 2004ರ ಡಿಸೆಂಬರ್ 26ರ ಸುನಾಮಿ ಹುಟ್ಟಿದ್ದು ಸುಮಾತ್ರಾ ಬಳಿ, ನಮ್ಮ ಫಲಕ ಒಳಕ್ಕೆ ಇಳಿಯುವ ಕಡೆ. ಆ ದಿನ ತಮಿಳುನಾಡಿಗೆ ನೇರ ಹೊಡೆತ. ನಮಗೆ ಭಾರತವೇ ಅಡ್ಡ ನಿಂತಿತ್ತು.

ಅರಬ್ಬಿ ಸಮುದ್ರದಲ್ಲೂ ಅಂಥ ಒಂದು ಜಾಗ ಇದೆ. ಪಾಕಿಸ್ತಾನ, ಇರಾನ್ ಕರಾವಳಿಯ ಮಕ್ರಾನ್. 1945ರ ನವೆಂಬರ್ ಕೊನೆಯಲ್ಲಿ ಅಲ್ಲಿ 8.1 ತೀವ್ರತೆಯ ಭೂಕಂಪ ಆಗಿ ಅಲೆ ಮುಂಬೈವರೆಗೂ ಬಂದಿತ್ತು. ಈಗ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಮುನ್ನೆಚ್ಚರಿಕೆ ಕೇಂದ್ರ 2007ರಿಂದ ಹಗಲು ರಾತ್ರಿ ನೋಡುತ್ತಿರುತ್ತದೆ.

ಫಲಕದ ನಡುವೆಯೂ ಹಳೆಯ ಬಿರುಕುಗಳು ಒತ್ತಡಕ್ಕೆ ಅಲುಗುತ್ತವೆ. ಮಹಾರಾಷ್ಟ್ರದ 1967ರ ಕೊಯ್ನಾ, 1993ರ ಕಿಲ್ಲಾರಿ ಭೂಕಂಪಗಳು ಹಾಗೆ ಆದವು. 2022ರ ಮಳೆಗಾಲದಲ್ಲಿ ಸುಳ್ಯ, ಸಂಪಾಜೆ, ಚೆಂಬು ಕಡೆ ಪಾತ್ರೆ ಗಡಗಡ ಅಂದದ್ದು ನೆನಪಿರಬಹುದು. 3ರ ಆಸುಪಾಸಿನ ಸಣ್ಣ ಕಂಪನಗಳು.

ಕಡಲ್ಕೊರೆತ?

ಅದಕ್ಕೂ ಫಲಕಕ್ಕೂ ಸಂಬಂಧ ಇಲ್ಲ. ಉಳ್ಳಾಲದಲ್ಲಿ ಮನೆ ಅಂಗಳ ಹೋಗುವುದು ಮಳೆಗಾಲದ ಅಲೆಯಿಂದ, ಮರಳು ಬರುವ ದಾರಿ ತಪ್ಪಿದ್ದರಿಂದ. ಅದು ನಮ್ಮ ಕೈಯ ವಿಷಯವೂ ಹೌದು.

ಗಲ್ಫಿನಲ್ಲಿ ಎಣ್ಣೆ ಉಂಟು, ಆಚೆ ದಡದ ನಮ್ಮಲ್ಲಿ ಯಾಕಿಲ್ಲ?

ದುಬೈಯಿಂದ ರಜೆಗೆ ಬಂದವರು ತಪ್ಪದೆ ಕೇಳುತ್ತಾರೆ. ಎಣ್ಣೆ ಆಗುವುದು ಸಮುದ್ರದ ಕೆಸರಿನಲ್ಲಿ ಹೂತ ಸಣ್ಣ ಜೀವಿಗಳಿಂದ. ಅರೇಬಿಯದ ಆ ಅಂಚು ಕೋಟ್ಯಂತರ ವರ್ಷ ಟೆಥಿಸಿನ ಬೆಚ್ಚಗಿನ, ಆಳ ಇಲ್ಲದ ನೀರಿನಲ್ಲಿತ್ತು. ಕೆಸರು, ಸುಣ್ಣ ದಪ್ಪಕ್ಕೆ ಕೂತಿತು. ಆಮೇಲೆ ಅರೇಬಿಯದ ಫಲಕ ಇರಾನಿಗೆ ಒತ್ತಿದಾಗ ಆ ಪದರಗಳು ಮಡಿಸಿಕೊಂಡು ಎಣ್ಣೆ ನಿಲ್ಲಲು ಗುಮ್ಮಟಗಳಾದವು. ನಮ್ಮ ಕಾಲಡಿ 300 ಕೋಟಿ ವರ್ಷದ ಗಟ್ಟಿ ಬಂಡೆ. ಅದರಲ್ಲಿ ಎಂತದು ಎಣ್ಣೆ?

ಆದರೆ ಗಟ್ಟಿ ಬಂಡೆಗೂ ಬೆಲೆ ಉಂಟು ಮಾರಾಯ್ರೆ. ಕಾಪು ಹತ್ತಿರದ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ಎಣ್ಣೆ ತುಂಬಿಡಬಹುದು. ದೇಶದ ಆಪತ್ಕಾಲಕ್ಕೆ. ಕಡಲಾಚೆಯ ಎಣ್ಣೆಯನ್ನು ತಂದು ನಮ್ಮ ಮುದಿ ಬಂಡೆಯೊಳಗೆ ಇಟ್ಟಿದ್ದಾರೆ.

ಮುಂದೆ ಏನಾಗುತ್ತದೆ?

ಜೆದ್ದಾದಲ್ಲಿ ಕೆಲಸ ಮಾಡುವವರು ದಿನಾ ನೋಡುವ ಕೆಂಪು ಸಮುದ್ರ ಈಗಷ್ಟೇ ಹುಟ್ಟುತ್ತಿರುವ ಸಾಗರ. ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಅಗಲವಾಗುತ್ತಿದೆ. 8.8 ಕೋಟಿ ವರ್ಷದ ಹಿಂದೆ ನಮ್ಮಲ್ಲಿ ಆದದ್ದೂ ಶುರುವಿನಲ್ಲಿ ಹಾಗೇ ಇದ್ದಿರಬೇಕು. ಪೂರ್ವ ಆಫ್ರಿಕಾದ ನೆಲವೂ ಸೀಳುತ್ತಿದೆ. ನಮ್ಮ ಫಲಕವೇ ಆಸ್ಟ್ರೇಲಿಯದ ಫಲಕದಿಂದ ಬೇರೆ ಆಗುವ ದಾರಿಯಲ್ಲಿದೆ. 2012ರ ಏಪ್ರಿಲ್ 11ರಂದು ಹಿಂದೂ ಮಹಾಸಾಗರದ ನಡುವೆ 8.6 ತೀವ್ರತೆಯ ಭೂಕಂಪ ಆದದ್ದು ಆ ಎಳೆದಾಟದಿಂದಲೇ. ತಳ ಅಡ್ಡಕ್ಕೆ ಜಾರಿದ್ದರಿಂದ ದೊಡ್ಡ ಸುನಾಮಿ ಆಗಲಿಲ್ಲ.

ದ್ವೀಪಕ್ಕೆ ಯಾವಾಗ ಹೋಗಬೇಕು? ಒಂದು ಕಲ್ಲು ತರಬಹುದಾ?

ಮಳೆಗಾಲದಲ್ಲಿ ಬೋಟು ಇಲ್ಲ. ಡಿಸೆಂಬರ್, ಜನವರಿ ಒಳ್ಳೆಯದು. ಮೊದಲ ಟ್ರಿಪ್ಪಿಗೇ ಹೋಗಿ. ಇಳಿಯುವಾಗ ಮೊಬೈಲು ಅಂಗಿ ಜೇಬಿನಲ್ಲಿ ಇಡಬೇಡಿ, ನನ್ನದು ಒಮ್ಮೆ ಅಲ್ಲೇ ನೀರಿಗೆ ಬಿದ್ದಿದೆ. ಪಾಚಿ ಹಿಡಿದ ಕಂಬದ ಮೇಲೆ ಸೆಲ್ಫಿಗೆ ಹತ್ತಬೇಡಿ.

ಕಲ್ಲು ತರಬಾರದು. ಒಬ್ಬ ಹುಡುಗ ಒಂದು ಚೂರನ್ನು ಚಡ್ಡಿ ಜೇಬಿನಲ್ಲಿ ಹಾಕಿಕೊಂಡದ್ದನ್ನು ಬೋಟಿನವರು ನೋಡಿ, "ತಮ್ಮಾ, ಅದು ಅಷ್ಟು ದೂರದಿಂದ ಬಂದು ಈಗಷ್ಟೇ ಕೂತಿದೆ, ಬಿಡು" ಅಂದಿದ್ದರು. ನಾನು ಹೇಳಿಕೊಟ್ಟದ್ದಲ್ಲ. ಹುಡುಗ ಕಲ್ಲನ್ನು ಎಲ್ಲಿಂದ ಎತ್ತಿದ್ದನೋ ಅಲ್ಲೇ ಇಟ್ಟು ಬಂದ.